ಕಾವ್ಯದ ನಾಯಿ, ತೆರೆಯ ನಾಯಿ, ಮನೆಗೆ ಬರಲಿರುವ ಮರಿ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳು ಎರಡು ಪುಟಗಳ ಪಟ್ಟಿಯೊಂದನ್ನು ನನ್ನ ಕೈಗಿತ್ತಳು. ಮನೆಗೆ ನಾಯಿಮರಿಯನ್ನು ತರುವ ಸಿದ್ಧತೆಯ ಪಟ್ಟಿ ಅದು. ಮಲಗಲು ಮೆತ್ತೆ, ಸ್ಟೀಲಿನ ಎರಡು ಬಟ್ಟಲು, ಕೊರಳಪಟ್ಟಿ, ರಬ್ಬರಿನ ಆಟಿಕೆ, ಹೆಸರು ಕೆತ್ತಿಸಿದ ಬಿಲ್ಲೆ, ಕಚೇರಿಯಲ್ಲಿದ್ದುಕೊಂಡೇ ಮರಿಯನ್ನು ನೋಡಲು ಒಂದು ಕ್ಯಾಮೆರಾ, ಹೀಗೆ 23 ಬಾಬ್ತುಗಳು. ಪ್ರತಿಯೊಂದರ ಮುಂದೆಯೂ ಬೆಲೆಯನ್ನು ನಮೂದಿಸಿದ್ದಳು. ವರ್ತಕನ ಮೊಮ್ಮಗಳೆಂಬುದರಲ್ಲಿ ಸಂಶಯವಿರಲಿಲ್ಲ. ಮಗನೂ ಸೊಸೆಯೂ ಉದ್ಯೋಗಸ್ಥರು. ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ಮೊದಲು ಮರಳುವುದು ಅಪರೂಪ. ಮಗು ಶಾಲೆಯಿಂದ ಬರುವುದು ನಾಲ್ಕಕ್ಕೆ. ಪಟ್ಟಿಯನ್ನು ಎರಡು ಬಾರಿ ಓದಿ, "ಎಲ್ಲವೂ ಸರಿಯಾಗಿದೆ ಪುಟ್ಟೀ, ಬೆಳಗ್ಗೆ ಹನ್ನೊಂದು ಗಂಟೆಗೆ ಮರಿಯ ಬಳಿ ಯಾರಿರುತ್ತಾರೆ?" ಎಂದು ಕೇಳಿದೆ. "ಕ್ಯಾಮೆರಾ ಇರುತ್ತದಲ್ಲ ಅಜ್ಜಾ" ಎಂದಳು.

ಮಗುವಿನ ಈ ಉತ್ತರದಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ನಾಯಿಯನ್ನು ಪ್ರೀತಿಸುವ ಬಗೆಯನ್ನು ಅವಳು ಎಲ್ಲಿಂದ ಕಲಿತಳು, ನಾವೆಲ್ಲರೂ ಎಲ್ಲಿಂದ ಕಲಿತೆವು ಎಂಬುದನ್ನು ಪರಾಮರ್ಶಿಸಬೇಕೆನಿಸಿತು. ನಾವು ಕಲಿಯುವುದು ಬಹುಮಟ್ಟಿಗೆ ಕಥೆಗಳಿಂದ. ಆದುದರಿಂದ ಕಥೆಗಳನ್ನೇ ಮೊದಲು ನೋಡೋಣ.

ಕಿರಣ್‌ರಾಜ್ ಕೆ. ಅವರು ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ಅವರು ಅಭಿನಯಿಸಿದ '777 ಚಾರ್ಲಿ' ಚಲನಚಿತ್ರವು 2022ರ ಜೂನ್ ತಿಂಗಳಲ್ಲಿ ತೆರೆಕಂಡಿತು. ಅದನ್ನು ನಾನು ಇದೇ ಮೊಮ್ಮಗಳೊಡನೆ ನೋಡಿದೆ. ಅವಳಿಗಾಗ ಎಂಟು ವರ್ಷ. ಒಂಟಿಯಾಗಿ ಬದುಕುವ ಕಾರ್ಖಾನೆಯ ಕೆಲಸಗಾರನೊಬ್ಬನ ಬಾಳಿಗೆ, ಕ್ರೂರಿಯಾದ ತಳಿ ವ್ಯಾಪಾರಿಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ನಾಯಿಯೊಂದು ಪ್ರವೇಶಿಸುತ್ತದೆ. ಮುಂದೆ ಅದಕ್ಕೆ ಅರ್ಬುದ ರೋಗವಿರುವುದು ತಿಳಿಯುತ್ತದೆ. ರಕ್ತಸಂಬಂಧದಲ್ಲೇ ಸಂತಾನ ಪಡೆಯುವ ವ್ಯಾಪಾರದ ಫಲವದು. ಹಿಮವನ್ನು ಕಾಣಬೇಕೆಂಬ ಅದರ ಆಸೆಯನ್ನು ಪೂರೈಸಲು ಆತ ಮೋಟಾರ್ ಬೈಕಿನ ಪಕ್ಕದ ತೊಟ್ಟಿಲಲ್ಲಿ ಅದನ್ನು ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ಚಿತ್ರಮಂದಿರದಲ್ಲಿ ಅಳದವರು ವಿರಳ. ನಾನೂ ಅತ್ತೆನೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ 2023ರಲ್ಲಿ ಘೋಷಣೆಯಾಯಿತು. ತಳಿ ವ್ಯಾಪಾರದ ಕ್ರೌರ್ಯವನ್ನು ಸಾಮಾನ್ಯ ಪ್ರೇಕ್ಷಕನಿಗೆ ಮನಗಾಣಿಸಿದ್ದು ಆ ಚಿತ್ರದ ದೊಡ್ಡ ಉಪಕಾರವೇ ಸರಿ.

ಆದರೆ ಉದ್ಯೋಗಸ್ಥರ ಮನೆಯೊಂದು ಈ ಚಿತ್ರದಿಂದ ಏನನ್ನು ಕಲಿಯಬಲ್ಲದು ಎಂದು ಕೇಳಿದರೆ ಉತ್ತರ ಕಷ್ಟ. ಮನೆಯೊಳಗಿನ ಚಾರ್ಲಿಯ ಹಾವಳಿಗಳು ನಗೆಯ ಸಾಮಗ್ರಿಯಾಗುತ್ತವೆ; ಪ್ರೀತಿಯ ಪರೀಕ್ಷೆ ನಡೆಯುವುದಾದರೋ ಪಯಣದಲ್ಲಿ. ಆ ಪಯಣದಲ್ಲಿ ಕಾರ್ಖಾನೆಯ ಗಂಟೆ ಕೇಳಿಸುವುದಿಲ್ಲ. ನಾಯಿಯೂ ಒಡೆಯನೂ ಹಗಲಿರುಳು ಜೊತೆಗಿರುತ್ತಾರೆ. ನಮ್ಮ ಮಕ್ಕಳಿಗೆ ಆ ಭಾಗ್ಯವೆಲ್ಲಿ? ಅವರ ಪರೀಕ್ಷೆ ನಡೆಯುವುದು ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಬೀಗ ಹಾಕಿದ ಫ್ಲ್ಯಾಟಿನೊಳಗೆ. ಕಣ್ಣೀರು ತರಿಸುವ ಕಲೆಗೆ ಆ ಗಂಟೆ ಬೇಡ, ಏಕೆಂದರೆ ಆ ಗಂಟೆಯಲ್ಲಿ ನೋಡುವಂಥದ್ದೇನೂ ನಡೆಯುವುದಿಲ್ಲ. ಮರಿ ಬಾಗಿಲನ್ನು ನೋಡುತ್ತ ಕುಳಿತಿರುತ್ತದೆ, ಅಷ್ಟೆ.

ಚಲನಚಿತ್ರವೊಂದನ್ನೇ ದೂರುವುದು ನ್ಯಾಯವಲ್ಲ. ನಮ್ಮ ಪ್ರಾಚೀನ ಕಾವ್ಯಗಳಲ್ಲಿಯೂ ಇದೇ ಕೊರತೆ ನನಗೆ ಕಾಣುತ್ತದೆ. ಜೀವಂಧರನ ಕಥೆಯನ್ನು ವಾದೀಭಸಿಂಹರು ಸಂಸ್ಕೃತದಲ್ಲಿ 'ಕ್ಷತ್ರಚೂಡಾಮಣಿ'ಯಾಗಿಯೂ, ಭಾಸ್ಕರ ಕವಿ 1424ರಲ್ಲಿ ಕನ್ನಡದ ಭಾಮಿನಿ ಷಟ್ಪದಿಯಲ್ಲಿಯೂ ಹೇಳಿದ್ದಾರೆ. ಯಾಗದ ಹವಿಸ್ಸನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಗುತ್ತದೆ. ಪಾಠಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಪ್ರಸಂಗ. ಜನ್ನನ 'ಯಶೋಧರ ಚರಿತೆ' (1209) ಇನ್ನೂ ಗಾಢವಾದುದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನು ನವಿಲಾಗಿಯೂ, ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟಿ, ತಾವು ಆಳಿದ ಅರಮನೆಗೇ ಬಂದು ಸೇರುತ್ತಾರೆ. ಅಜ್ಜಿಯು ನಾಯಿಯಾಗಿ ಮೊಮ್ಮಗನ ಮನೆಯಂಗಳಕ್ಕೆ ಬರುತ್ತಾಳೆ, ಯಾರೂ ಗುರುತಿಸುವುದಿಲ್ಲ! ಮನೆಗೆ ಬರುವ ಪ್ರಾಣಿಯ ಕುರಿತು ಇದಕ್ಕಿಂತ ಮೈನಡುಗಿಸುವ ಕಲ್ಪನೆಯನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಆದಾಗ್ಯೂ ಗಮನಿಸಿ: ಜೀವಂಧರನಿಗೆ ನಾಯಿ ಎದುರಾಗುವುದು ಅದರ ಮರಣದ ಗಳಿಗೆಯಲ್ಲಿ, ಜನ್ನನಲ್ಲಿ ನಾಯಿಯು ಕರ್ಮಫಲದ ದೃಷ್ಟಾಂತ. ಸಾವು ಮತ್ತು ಪುನರ್ಜನ್ಮಗಳ ನಡುವೆ ಆ ಪ್ರಾಣಿಯು ನೀರು ಕುಡಿದಿತ್ತೇ, ಯಾರು ಬಿಚ್ಚಿ ಬಿಟ್ಟರು, ಯಾರು ಕಟ್ಟಿಹಾಕಿದರು ಎಂಬ ವಿಚಾರ ಕವಿಗೆ ಅಪ್ರಸ್ತುತ. ಕಿವಿಯಲ್ಲಿ ಮಂತ್ರ ಹೇಳಲು ಒಂದು ನಿಮಿಷ ಸಾಕು. ಮರಿಯನ್ನು ಸಾಕಲು ಹನ್ನೆರಡು, ಹದಿಮೂರು ವರ್ಷಗಳು ಬೇಕು.

ಕಾವ್ಯ ಬಿಟ್ಟುದನ್ನು ಹಿಡಿದಿರುವುದು ನೀರಸವೆಂದು ನಾವು ಭಾವಿಸುವ ಸೂತ್ರಗ್ರಂಥ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಇದರಲ್ಲಿ ಕೊಲ್ಲುವ ಮಾತಿಲ್ಲ. ಕೊಂದರೆ ವ್ರತವೇ ಭಂಗವಾಯಿತು. ಕೊಲ್ಲದೆಯೇ, ದ್ವೇಷಿಸದೆಯೇ, ತನ್ನ ಮನೆಯ ಪ್ರಾಣಿಯ ವಿಷಯದಲ್ಲಿ ಗೃಹಸ್ಥನು ದಿನನಿತ್ಯ ಎಸಗಬಹುದಾದ ತಪ್ಪುಗಳ ಯಾದಿ ಇದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ಹಗ್ಗಕ್ಕೆ ಸೀಮಿತಗೊಳಿಸಿಲ್ಲ; ಜೀವಿಯು ಬಯಸಿದ ಎಡೆಗೆ ಹೋಗದಂತೆ ಮಾಡುವ ತಡೆಯೆಂದೇ ಅದನ್ನು ವಿವರಿಸಿದ್ದಾರೆ. ಹಾಗಾದರೆ ಬೀಗ ಹಾಕಿದ ಬಾಗಿಲು ಯಾವ ಲೆಕ್ಕಕ್ಕೆ ಸೇರುತ್ತದೆ?

ಸ್ವತಂತ್ರ ಭಾರತದ ಶಾಸನವೂ ಬಹುಮಟ್ಟಿಗೆ ಇದೇ ಹಾದಿಯಲ್ಲಿದೆ. ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ಮುಂದೆ ರೂಪುಗೊಂಡ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅಕಾರಣ ದೀರ್ಘಕಾಲ ಬಿಗಿಯುವುದನ್ನು ಅಪರಾಧವೆಂದಿದೆ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನು, ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದನ್ನು, ತೊರೆದುಬಿಡುವುದನ್ನು ಸಹ ಅಪರಾಧಗಳ ಸಾಲಿಗೆ ಸೇರಿಸಿದೆ. ಕಾಯಿದೆಯನ್ನು ಓದಿದಾಗ ಇದು ಹೊಸದೆಂದು ನನಗೆ ಅನಿಸಲೇ ಇಲ್ಲ.

ಇಷ್ಟನ್ನು ಬರೆಯುವ ಅಧಿಕಾರ ನನಗಿದೆಯೇ? ಹೇಳಿಬಿಡುತ್ತೇನೆ. 1987ರಲ್ಲಿ, ಬಿ.ಕಾಂ. ಮುಗಿಸಿ ತಂದೆಯವರ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಹೊಸತರಲ್ಲಿ, ಗೋದಾಮಿನ ಕಾವಲಿಗೆಂದು ಮರಿಯೊಂದನ್ನು ತಂದೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅದನ್ನು ಕಬ್ಬಿಣದ ಕಂಬಕ್ಕೆ ಸರಪಳಿಯಿಂದ ಬಿಗಿದಿರುತ್ತಿತ್ತು. ಮಧ್ಯಾಹ್ನದ ಬುತ್ತಿಯಲ್ಲಿ ಉಳಿದುದು ಅದರ ಪಾಲು. ನಾನು ಅದನ್ನು ಹೊಡೆದವನಲ್ಲ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಅದೇ ಸಂಜೆಗಳಲ್ಲಿ ಬಸದಿಯ ಸ್ವಾಧ್ಯಾಯದಲ್ಲಿ ಮೇಲೆ ಹೇಳಿದ ಅಧ್ಯಾಯವನ್ನೇ ಓದುತ್ತಿದ್ದೆವು, ಆ ಐದು ಅತಿಚಾರಗಳ ಮೇಲೆ ಕಣ್ಣಾಡಿಸಿ ಮುಂದೆ ಸಾಗುತ್ತಿದ್ದೆ. ಒಂದು ದಿನ ಮೂಟೆ ಇಳಿಸಲು ಬಂದ ವೃದ್ಧ ಹಮಾಲಿಯೊಬ್ಬ ಮರಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, "ಸಾವ್ಕಾರ್ರ, ಇದು ಗೋದಾಮು ಕಾಯಾಕ ಹತ್ತಿಲ್ರೀ, ನಿಮ್ಮನ್ನ ಕಾಯಾಕ ಹತ್ತೈತಿ" ಎಂದ. ಕಾಯುವುದು ಎಂಬ ಒಂದೇ ಮಾತಿಗೆ ನಮ್ಮ ನುಡಿಯಲ್ಲಿರುವ ಎರಡು ಅರ್ಥಗಳನ್ನು ಅಂದು ಅವನಿಂದ ತಿಳಿದೆ. ತಿಳಿದೂ ಏನೂ ಮಾಡಲಿಲ್ಲ, ಅದು ವ್ಯಾಪಾರದ ಹಂಗಾಮು. ನಾಲ್ಕನೆಯ ತಿಂಗಳಲ್ಲಿ ಮರಿಗೆ ವಾಂತಿ, ರಕ್ತಭೇದಿ ಆರಂಭವಾಯಿತು. ಲಸಿಕೆ ಹಾಕಿಸಬೇಕೆಂಬ ಅರಿವೂ ನನಗಿರಲಿಲ್ಲ. ಮೂರು ದಿನಗಳಲ್ಲಿ ಸತ್ತಿತು. ಸರಪಳಿ ತಿರುಗಿ ತಿರುಗಿ ಸಿಮೆಂಟಿನ ನೆಲದಲ್ಲಿ ಮೂಡಿದ್ದ ಅರ್ಧಚಂದ್ರದ ಗೆರೆ ಆ ಗೋದಾಮಿನಲ್ಲಿ ಇಂದಿಗೂ ಇದೆ.

ಆದುದರಿಂದ ಮೊಮ್ಮಗಳ ಪಟ್ಟಿಯನ್ನು ಬದಿಗಿಟ್ಟು ಅವಳೊಡನೆ ಕುಳಿತು ಬೇರೊಂದು ಕಿರ್ದಿಯನ್ನು ಬರೆದೆ; ರೂಪಾಯಿಗಳ ಕಿರ್ದಿಯಲ್ಲ, ಗಂಟೆಗಳದು. ನಮ್ಮೂರಿನ ಪಶುವೈದ್ಯರ ಬಳಿಗೆ ಅವಳನ್ನೇ ಕರೆದೊಯ್ದು ಪ್ರಶ್ನೆಗಳನ್ನು ಅವಳಿಂದಲೇ ಕೇಳಿಸಿದೆ. ಎರಡು ತಿಂಗಳ ಮರಿಯು ದಿನಕ್ಕೆ 18ರಿಂದ 20 ಗಂಟೆ ನಿದ್ರಿಸುತ್ತದೆಂದು ಕೇಳಿ ಅವಳಿಗೆ ಸಮಾಧಾನವಾಯಿತು. "ಹಾಗಾದರೆ ನಾವು ಇಲ್ಲದಾಗ ಮಲಗಿರುತ್ತದೆ!" ಆದರೆ ಆ ನಿದ್ರೆ ತುಂಡುತುಂಡಾದುದು. ಮೂತ್ರವನ್ನು ತಡೆದುಕೊಳ್ಳುವ ಶಕ್ತಿ ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ, ಅದರ ಮೇಲೊಂದು ಎಂದು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ. ರಾತ್ರಿಯೂ ಒಂದೆರಡು ಬಾರಿ ಎದ್ದು ಹೊರಗೆ ಒಯ್ಯಬೇಕು. ಊಟ ದಿನಕ್ಕೆ ನಾಲ್ಕು ಬಾರಿ: ಏಳು, ಹನ್ನೊಂದು, ಮೂರು, ಮತ್ತೆ ಏಳು. ಈಗ ಕೂಡಿಸಿ ನೋಡಿ. ಎಂಟೂವರೆಯಿಂದ ನಾಲ್ಕರವರೆಗೆ ಮನೆ ಖಾಲಿ, ಒಟ್ಟು ಏಳೂವರೆ ಗಂಟೆ. ಆ ಅವಧಿಯಲ್ಲಿ ಎರಡು ಊಟಗಳು ತಪ್ಪುತ್ತವೆ. ಮರಿ ಎರಡು ಬಾರಿಯಾದರೂ ತಾನು ಮಲಗುವ ಜಾಗದಲ್ಲಿಯೇ ಮಲಿನವಾಗುತ್ತದೆ. ಸಂಜೆ ಬಂದವರು ಅದನ್ನು ಗದರಿಸುತ್ತಾರೆ. ಐದು ಅತಿಚಾರಗಳಲ್ಲಿ ಎರಡು ಮಧ್ಯಾಹ್ನದೊಳಗೆ, ಮೂರನೆಯದು ಸಂಜೆಗೆ. ಆ ಮನೆಯಲ್ಲಿ ಯಾರೊಬ್ಬರೂ ದುಷ್ಟರಲ್ಲ.

ಕ್ಯಾಮೆರಾದ ಮಾತಿಗೆ ಬರುವುದಾದರೆ, ಮರಿ ಕುಂಯ್‌ಗುಡುವುದನ್ನು ಅದು ಕಚೇರಿಗೆ ತಲುಪಿಸುತ್ತದೆ. ಕಚೇರಿಯಿಂದ ನೀರಿನ ಬಟ್ಟಲನ್ನು ತುಂಬಲು ಅದಕ್ಕೆ ಬಾರದು. ನಮ್ಮ ಮನಸ್ಸಿನ ಕಳವಳಕ್ಕೆ ಅದೊಂದು ಔಷಧ. ಮರಿಗೆ ಅದರಿಂದ ಏನೂ ಇಲ್ಲ.

ಒಂಟಿತನವನ್ನು ಸಹ ಕಲಿಸಬೇಕಾಗುತ್ತದೆ ಎಂಬುದು ವೈದ್ಯರಿಂದ ತಿಳಿದ ಮತ್ತೊಂದು ಸಂಗತಿ. ಮೊದಲ ದಿನಗಳಲ್ಲಿ ಕೆಲವೇ ನಿಮಿಷ ಬೇರೆ ಕೋಣೆಯಲ್ಲಿದ್ದು ಮರಳುವುದು, ಬಳಿಕ ಹತ್ತು ನಿಮಿಷ, ಅರ್ಧ ಗಂಟೆ, ಹೀಗೆ ವಾರಗಟ್ಟಲೆ. ಶನಿವಾರ ಮರಿಯನ್ನು ತಂದು, ಎರಡು ದಿನ ಮಡಿಲಿನಿಂದ ಇಳಿಸದೆ ಮುದ್ದಾಡಿ, ಸೋಮವಾರ ಬಾಗಿಲು ಹಾಕಿಕೊಂಡು ಹೋಗುವುದು ಅತ್ಯಂತ ನಿರ್ದಯವಾದ ಕ್ರಮ. ನಮ್ಮ ಬಹುಪಾಲು ಮನೆಗಳಲ್ಲಿ ನಡೆಯುವುದೂ ಅದೇ. ಬದುಕಿನ ಮೂರರಿಂದ ಹದಿನಾಲ್ಕು ವಾರಗಳ ನಡುವೆ ಮರಿ ಕಂಡ ಜನ, ಕೇಳಿದ ಸದ್ದು ಅದರ ಸ್ವಭಾವವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆಯಂತೆ. ಲಸಿಕೆಗಳ ಕಾಲವೂ ಅದೇ. ಆರರಿಂದ ಎಂಟು ವಾರಗಳಿಗೆ ಮೊದಲನೆಯದು, ಬಳಿಕ ಮೂರು ನಾಲ್ಕು ವಾರಗಳಿಗೊಮ್ಮೆ ಸುಮಾರು ಹದಿನಾರು ವಾರಗಳವರೆಗೆ; ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಅಷ್ಟರವರೆಗೆ ಬೀದಿಯ ನೆಲಕ್ಕೆ ಬಿಡದೆ, ತೋಳಿನಲ್ಲೆತ್ತಿಕೊಂಡು ಲೋಕವನ್ನು ತೋರಿಸಬೇಕು. ತೋಳು ಯಾರದು? ಪುನಃ ಅದೇ ಪ್ರಶ್ನೆ.

ಆಹಾರದ ವಿಚಾರದಲ್ಲಿ ನಮ್ಮ ಸಮಾಜದ ಓದುಗರು ನನ್ನೊಡನೆ ಮುನಿಯಬಹುದು. ನಮ್ಮ ಮನೆಗಳಲ್ಲಿ ಮರಿಗೆ ಮೊಸರನ್ನ, ಹಾಲು, ಚಪಾತಿ ಕೊಟ್ಟು, ನಮ್ಮ ನಾಯಿಯೂ ಶುದ್ಧ ಸಸ್ಯಾಹಾರಿ ಎಂದು ಸಂತೋಷಪಡುವ ವಾಡಿಕೆಯಿದೆ. ಬೆಳೆಯುವ ಮರಿಗೆ ಮೊಸರನ್ನ ಸಾಲದು. ಪ್ರೋಟೀನು, ಸುಣ್ಣದಂಶಗಳ ಕೊರತೆಯಿಂದ ಮೂಳೆಗಳು ಸೊಟ್ಟಗಾಗಬಹುದು, ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ನಾಯಿಯು ಬೆಕ್ಕಿನಂತೆ ಮಾಂಸವಿಲ್ಲದೆ ಬದುಕಲಾಗದ ಪ್ರಾಣಿಯಲ್ಲ. ತಜ್ಞರು ಸಮತೋಲನಗೊಳಿಸಿದ ಸಸ್ಯಾಹಾರದಿಂದ ಅದು ಬಾಳಬಲ್ಲದು. ಆದರೆ ಮರಿಯ ಬೆಳವಣಿಗೆಯ ಕಾಲದಲ್ಲಿ ಅದನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮಾಡತಕ್ಕದ್ದಲ್ಲ. ಮಹಾವೀರಸ್ವಾಮಿಯ ಹಿಂದಿನ ಭವದಲ್ಲಿ ಸಿಂಹವೇ ಚಾರಣ ಮುನಿಗಳ ಉಪದೇಶ ಕೇಳಿ ಮಾಂಸ ತ್ಯಜಿಸಲಿಲ್ಲವೇ ಎಂದು ಸ್ನೇಹಿತರೊಬ್ಬರು ವಾದಿಸಿದರು. ಆ ಸಿಂಹವು ತನ್ನ ಅರಿವಿನಿಂದ ವ್ರತ ಹಿಡಿಯಿತು; ಯಾರೂ ಅದನ್ನು ಕಂಬಕ್ಕೆ ಕಟ್ಟಿ ಮೊಸರನ್ನ ಹಾಕಿರಲಿಲ್ಲ. ವೈದ್ಯರು ಅಗತ್ಯವೆಂದು ಹೇಳಿದ ಆಹಾರವನ್ನು ಮನೆಯೊಳಗೆ ತರಲು ನಮ್ಮ ವ್ರತ ಅಡ್ಡಬರುವುದಾದರೆ ವ್ರತವನ್ನು ಉಳಿಸಿಕೊಳ್ಳೋಣ, ಮರಿಯನ್ನು ತರುವುದು ಬೇಡ. ಇದರಲ್ಲಿ ನಾಚಿಕೆಪಡುವಂಥದ್ದೇನಿದೆ? ಅಂದ ಹಾಗೆ, ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಕಪಾಟಿನ ನುಸಿಗುಳಿಗೆ ಇವೆಲ್ಲ ನಾಯಿಗೆ ವಿಷ. ಪೂಜೆಯ ಪ್ರಸಾದದಲ್ಲಿ ಒಣದ್ರಾಕ್ಷಿ ಇರುವುದನ್ನು ಮರೆಯಬಾರದು.

ಕೊಳ್ಳುವ ವಿಚಾರದಲ್ಲಿ ಹೆಚ್ಚು ಬರೆಯುವುದಿಲ್ಲ. 2017ರ ನಿಯಮಗಳ ಪ್ರಕಾರ ತಳಿಗಾರರು ನೋಂದಣಿ ಹೊಂದಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಸ್ವದೇಶಿ ಅಭಿಮಾನದಿಂದ ಮುಧೋಳದ ನಾಯಿಯೇ ಬೇಕೆನ್ನುವವರಿದ್ದಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಹೆಮ್ಮೆಯ ತಳಿ, ಒಪ್ಪಿದೆ. ಆದರೆ ಮೊಲದ ಬೆನ್ನಟ್ಟಿ ಬಯಲಿನಲ್ಲಿ ಓಡಲೆಂದು ಬೆಳೆಸಿದ ಜೀವವನ್ನು ಏಳನೆಯ ಮಹಡಿಯ ಮೊಗಸಾಲೆಯಲ್ಲಿರಿಸುವುದು ಅಭಿಮಾನವೆನಿಸದು. ದಿನವಿಡೀ ದುಡಿಯುವ ದಂಪತಿಗಳಿಗೆ ಮರಿಗಿಂತ, ಯಾರೋ ಬಿಟ್ಟುಹೋದ, ಮೂರು ನಾಲ್ಕು ವರ್ಷ ವಯಸ್ಸಿನ ಶಾಂತ ನಾಯಿಯೇ ಹೊಂದಬಹುದು. ಅದಕ್ಕೆ ದಿನಕ್ಕೆ ಎರಡು ಊಟ ಸಾಕು, ನಾಲ್ಕೈದು ಗಂಟೆ ಒಂಟಿಯಾಗಿರಬಲ್ಲದು. ಮುದ್ದು ಕಡಿಮೆ, ನಿಜ.

ಬಿಟ್ಟುಹೋಗುವವರ ಮಾತು ಬಂದುದರಿಂದ ಬಸದಿಗಳ ಆಡಳಿತ ಮಂಡಳಿಯವರಿಗೊಂದು ವಿಜ್ಞಾಪನೆ. ನಾನು ಸದಸ್ಯನಾಗಿರುವ ಮಂಡಳಿಯ ಬಸದಿಯ ಹೊರಬಾಗಿಲಲ್ಲಿ ಯಾರೋ ಇರುಳಿನಲ್ಲಿ ನಾಯಿಗಳನ್ನು ಬಿಟ್ಟುಹೋಗುವುದು 2021ರ ಕೊನೆಯಿಂದ ಆರಂಭವಾಯಿತು. 2020ರ ಲಾಕ್‌ಡೌನ್ ಕಾಲದಲ್ಲಿ, ಮನೆಯಲ್ಲಿಯೇ ಕುಳಿತವರು ತಂದ ಮರಿಗಳಿರಬೇಕು. ಕಚೇರಿಗಳು ತೆರೆದವು, ಮರಿಗಳು ಬೆಳೆದಿದ್ದವು. ಕೊರಳಲ್ಲಿ ಒಳ್ಳೆಯ ಪಟ್ಟಿ, ಬೀದಿಯಲ್ಲಿ ಬದುಕಲು ತಿಳಿಯದ ದೇಹ. ಜೈನರ ಬಾಗಿಲಲ್ಲಿ ಬಿಟ್ಟರೆ ಉಪವಾಸ ಸಾಯುವುದಿಲ್ಲವೆಂದು ಬಿಟ್ಟವರ ಎಣಿಕೆ. ಇದನ್ನು ಅಭಯದಾನವೆಂದು ಬಣ್ಣಿಸಿದ ಸದಸ್ಯರೊಬ್ಬರು ನಮ್ಮ ಸಭೆಯಲ್ಲಿದ್ದರು. ಕಾಯಿದೆ ಅದನ್ನು ಅಪರಾಧವೆನ್ನುತ್ತದೆ. ಬಾಗಿಲಿಗೆ ಬಂದ ನಾಯಿಗೆ ಅನ್ನ ಹಾಕುವುದರೊಡನೆ, ಮರಿ ತರಬೇಕೆಂದಿರುವ ಶ್ರಾವಕರಿಗೆ ಪಶುವೈದ್ಯರೊಬ್ಬರಿಂದ ವರ್ಷಕ್ಕೊಮ್ಮೆ ತಿಳಿವಳಿಕೆ ಕೊಡಿಸುವ ಏರ್ಪಾಟನ್ನು ಮಂಡಳಿಗಳು ಮಾಡಿದರೆ, ಕೊನೆಯ ಗಳಿಗೆಯಲ್ಲಿ ಮಂತ್ರ ಹೇಳುವ ಪ್ರಸಂಗಗಳು ಕಡಿಮೆಯಾದಾವು.

ಮೊಮ್ಮಗಳ ಕಿರ್ದಿಗೆ ಮರಳುತ್ತೇನೆ. ಮರಿಯನ್ನು ಏಪ್ರಿಲಿನ ಬೇಸಿಗೆ ರಜೆಯ ಮೊದಲ ದಿನಕ್ಕೆ ಮುಂದೂಡಲಾಗಿದೆ. ಮಗನು ಹತ್ತು ದಿನ ರಜೆ ಹಾಕುತ್ತಾನೆ. ನಾನೂ ನನ್ನ ಪತ್ನಿಯೂ ಎರಡು ತಿಂಗಳು ಅಲ್ಲಿರುತ್ತೇವೆ. ಅಂಗಡಿಯನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ. ಜೂನಿನಲ್ಲಿ ಶಾಲೆ ತೆರೆಯುವಾಗ ಮರಿಗೆ ನಾಲ್ಕು ತಿಂಗಳಾಗಿ, ಊಟ ಮೂರಕ್ಕಿಳಿದು, ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ ಯಾರಾದರೂ ಬಂದರೆ ಸಾಕಾಗುತ್ತದೆ. ಮಂಗಳವಾರ, ಗುರುವಾರಗಳಂದು ಸೊಸೆಗೆ ಮನೆಯಿಂದಲೇ ಕೆಲಸ ಮಾಡಲು ಅನುಮತಿ ದೊರೆತಿದೆ. ನೆಲಮಹಡಿಯ ನಿವೃತ್ತ ಶಿಕ್ಷಕಿಯೊಬ್ಬರನ್ನು ಉಳಿದ ದಿನಗಳಿಗಾಗಿ ಕೇಳಿದ್ದಾರೆ. ಆಕೆಗೆ ಮೊಣಕಾಲು ನೋವು, ಯುಗಾದಿಯ ನಂತರ ಹೇಳುತ್ತೇನೆಂದಿದ್ದಾರೆ. ಕಳೆದ ವಾರ ಮೊಮ್ಮಗಳು ಪಟ್ಟಿಯ ಹೊಸ ಪ್ರತಿಯನ್ನು ಕಳುಹಿಸಿದ್ದಾಳೆ. ಮೆತ್ತೆ, ಬಟ್ಟಲು, ಬಿಲ್ಲೆಗಳು ಕೊನೆಯ ಪುಟಕ್ಕೆ ಹೋಗಿವೆ, ಕ್ಯಾಮೆರಾವನ್ನು ಹೊಡೆದುಹಾಕಿದ್ದಾಳೆ. ಮೊದಲ ಪುಟದಲ್ಲಿ ವಾರದ ಏಳು ದಿನಗಳ ಚೌಕಗಳಿದ್ದು, ಪ್ರತಿ ಚೌಕದಲ್ಲಿಯೂ ಒಬ್ಬೊಬ್ಬರ ಹೆಸರಿದೆ. ಸೋಮವಾರ, ಬುಧವಾರ, ಶುಕ್ರವಾರಗಳ ಮಧ್ಯಾಹ್ನದ ಚೌಕಗಳನ್ನು ಖಾಲಿ ಬಿಟ್ಟು, ಅವುಗಳ ಮುಂದೆ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದಾಳೆ: "ಇದು ತುಂಬದಿದ್ದರೆ ತರುವುದು ಬೇಡ ಅಜ್ಜಾ."